ಸೋತ ಆಟದ ಪುಸ್ತಕ

ಬ್ಲಾಗ್ ಕಡೆ ತಲೆ ಹಾಕದೆ ತುಂಬಾ ದಿನವಾಯ್ತು. ಕಾರಣ ಹೇಳಿದರೆ ನಗಬೇಡಿ... ನಲವತ್ತೆರಡನೇ ವಯಸ್ಸಿಗೆ ಚೆಸ್ ಕಲಿಯುತ್ತಿದ್ದೇನೆ :-)

ಆಟಿ ತಿಂಗಳ ಮಳೆ. ಹಿಂದೆಲ್ಲ ಆದರೆ ನಮ್ಮ ಉದ್ಯಾವರದ ಮನೆಯಲ್ಲಿ ಚೆನ್ನೆಮಣೆ ಹೊರಗೆ ಬರುತ್ತಿತ್ತು. ಈ ಸಲ ಅಕ್ಕನ ಮಗಳು ಚೆಸ್ ಬೋರ್ಡ್ ಹಿಡಿದುಕೊಂಡು ಬಂದಳು. ನಾಲ್ಕನೇ ಕ್ಲಾಸಿನ ಹುಡುಗಿ. ನಾಲ್ಕೇ ನಡೆಯಲ್ಲಿ ನನ್ನ ಕಥೆ ಮುಗಿಸಿದಳು ಮಾರಾಯ್ರೆ!

ಹಟ ಬಂತು. ರಾತ್ರಿಯಿಡೀ ಓಪನಿಂಗ್ ವಿಡಿಯೋ ನೋಡಿದೆ, ಮೊಬೈಲಿನಲ್ಲಿ ಮೂರು ನಿಮಿಷದ ಆಟ ನೂರಾರು ಆಡಿದೆ. ತಿಂಗಳಾದರೂ ಅದೇ ಸೋಲು. ಕೊನೆಗೆ ಒಂದು ದಿನ "ಮಾಮನೊಟ್ಟಿಗೆ ಆಡಿದ್ರೆ ಬೋರು" ಅಂದುಬಿಟ್ಟಳು. ಸೋತದ್ದಕ್ಕಿಂತ ಅದು ಜಾಸ್ತಿ ನೋಯಿಸಿತು.

ಆಮೇಲೆ ಒಂದು ನೋಟ್ ಪುಸ್ತಕ ತೆಗೆದುಕೊಂಡೆ. ನಿಧಾನವಾಗಿ ಆಡುವುದು, ಪ್ರತಿ ನಡೆಯನ್ನೂ ಬರೆಯುವುದು, ಸೋತ ಮೇಲೆ ಕೂತು ಓದುವುದು. ಆಗ ತಿಳಿಯಿತು, ರಾಜನ ಪಕ್ಕದ ಒಂಟೆಯ ಮುಂದಿರುವ ಕಾಲಾಳಿಗೆ ಆರಂಭದಲ್ಲಿ ರಾಜನೊಬ್ಬನದೇ ಕಾವಲು. ಅವಳ ರಾಣಿ, ಒಂಟೆ ಎರಡೂ ಅಲ್ಲಿಗೇ ಗುರಿ ಇಡುತ್ತಿದ್ದವು. ನಾನು ನನ್ನ ಕುದುರೆ ಕುಣಿಸುವುದರಲ್ಲೇ ಮೈಮರೆತಿದ್ದೆ. ಉಳಿದ ಸೋಲುಗಳೂ ಹೆಚ್ಚುಕಡಿಮೆ ಹಾಗೇ. ಎದುರಿನವರು ಈಗ ಏನು ಮಾಡಬಹುದು ಅಂತ ಕೇಳಿಕೊಳ್ಳದೆ ಕೈ ಹಾಕಿದ್ದು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೆ. ಹೊಸಬರಿಗೆ ಓಪನಿಂಗ್ ಬಾಯಿಪಾಠ ಬೇಡ. ದಿನಕ್ಕೆ ಒಂದು ನಿಧಾನದ ಆಟ, ಒಂದೆರಡು ನಡೆಯ ನಾಲ್ಕಾರು ಪಜಲ್, ಮತ್ತೆ ಆ ಪುಸ್ತಕ... ಸಾಕು.

2024ರಲ್ಲಿ ಗುಕೇಶ್ ಹದಿನೆಂಟಕ್ಕೇ ವಿಶ್ವ ಚಾಂಪಿಯನ್ ಆದ ಮೇಲೆ, ಚೆಸ್ ಚಿಕ್ಕವರಿಗೆ ಮಾತ್ರ ಅನ್ನುವ ಮಾತು ಜಾಸ್ತಿಯಾಗಿದೆ. ಆದರೆ ನಮ್ಮ ಕರ್ನಾಟಕದ ಮೊದಲ ಗ್ರಾಂಡ್‌ಮಾಸ್ಟರ್, ಮೈಸೂರಿನ ತೇಜ್‌ಕುಮಾರ್ ಅವರಿಗೆ ಆ ಪಟ್ಟ ಸಿಕ್ಕಿದ್ದು 2017ರಲ್ಲಿ. ರೈಲ್ವೆ ನೌಕರಿ ಮಾಡಿಕೊಂಡು, ಮೂವತ್ತೈದು ದಾಟಿದ ಮೇಲೆ. ನಾನೇನೂ ಅಲ್ಲಿಗೆ ಮುಟ್ಟುವವನಲ್ಲ ಬಿಡಿ. ಆದರೆ ತಡವಾಯ್ತು ಅನ್ನುವ ನೆಪವಂತೂ ಹೋಯಿತು.

ಮೊನ್ನೆ ಭಾನುವಾರವೂ ಸೋತೆ. ಆದರೆ ನಲವತ್ತೊಂದನೇ ನಡೆಯಲ್ಲಿ! ಹುಡುಗಿ ಕಾಯಿಗಳನ್ನು ಮತ್ತೆ ಜೋಡಿಸುತ್ತಾ, "ಮಾಮ, ಇನ್ನೊಂದು ಆಟ?" ಅಂದಳು.

ನಿಮ್ಮಲ್ಲೂ ತಡವಾಗಿ ಕಲಿತವರು ಇದ್ದೀರಾ? ಹೇಗೆ ಕಲಿತಿರಿ ಅಂತ ಬರೆಯಿರಿ, ಓದುತ್ತೇನೆ.