ಅತ್ತರಿಗೆ ನಾಲ್ಕು ಗಂಟೆ ಕೊಡಿ

ಅಡಾಜಣ್‌ನಿಂದ ತಾಪಿ ಹೊಳೆ ದಾಟಿ ಸೂರತ್ತಿನ ಹಳೇ ಪೇಟೆಗೆ ಹೋದರೆ ಅತ್ತರಿನ ಅಂಗಡಿಗಳಿವೆ. ಅಲ್ಲಿ ನಾವೆಲ್ಲ ಮಾಡುವ ತಪ್ಪು ಒಂದೇ. ಬಿರಡೆ ಮೂಸಿ "ಚೆನ್ನಾಗಿದೆ, ಕೊಡಿ" ಅನ್ನುವುದು! ನಾನೂ ಹಾಗೇ ಗುಲಾಬಿ-ಲವಂಗದ ಒಂದು ಅತ್ತರು ತಂದೆ. ಬೆಳಿಗ್ಗೆ ಹಚ್ಚಿದ್ದು, ಊಟದ ಹೊತ್ತಿಗೆ ಮಣಿಕಟ್ಟಿನಲ್ಲಿ ಬರೀ ಜಿಡ್ಡು.

ಪರಿಮಳ ಮೈಮೇಲೆ ಒಂದೇ ಸಲಕ್ಕೆ ಮುಗಿಯುವುದಿಲ್ಲ, ನೋಡಿ. ಮೈಬಿಸಿಗೆ ಹಗುರಾದ ಅಂಶಗಳು ಮೊದಲು ಹಾರುತ್ತವೆ, ಏಲಕ್ಕಿಯ ಚುರುಕಿನ ಹಾಗೆ. ಆಮೇಲೆ ಹೂವು ಮತ್ತು ಲವಂಗದ ಸರದಿ. ಲವಂಗದ ಘಾಟಿಗೆ ಕಾರಣವಾದ ಯುಜೆನಾಲ್ ಗುಲಾಬಿಯಲ್ಲೂ ಅಲ್ಪಸ್ವಲ್ಪ ಇದೆ, ಅದಕ್ಕೇ ಈ ಜೋಡಿ ಹೊಂದುತ್ತದೆ. ಕೊನೆಗೆ ಉಳಿಯುವುದು ಗಂಧ. ಅದರಲ್ಲಿರುವ ಸ್ಯಾಂಟಲಾಲ್ ನಿಧಾನಕ್ಕೆ ಆವಿಯಾಗುತ್ತದೆ, ಹೂವಿನ ವಾಸನೆಯನ್ನೂ ಹಿಡಿದಿಡುತ್ತದೆ.

ಕನೌಜಿನವರು ಹೂವಿನ ಹಬೆಯನ್ನು ಗಂಧದೆಣ್ಣೆಗೇ ಇಳಿಸುತ್ತಿದ್ದುದು ಇದಕ್ಕಾಗಿಯೇ. 1916ರಲ್ಲೇ ಗಂಧದೆಣ್ಣೆ ಕಾರ್ಖಾನೆ ಕಂಡ ಮೈಸೂರಿನ ಕಡೆಯವರಾದ ನಮಗೆ ಇದು ಗೊತ್ತಿರಬೇಕಿತ್ತು! ಈಗ ಗಂಧ ದುಬಾರಿ. ಎಷ್ಟೋ ಅತ್ತರುಗಳಲ್ಲಿ ಅದರ ಜಾಗಕ್ಕೆ ವಾಸನೆಯೇ ಇಲ್ಲದ ಲಿಕ್ವಿಡ್ ಪ್ಯಾರಾಫಿನ್ ಬಂದಿದೆ.

ಅಗ್ಗದ ಎಣ್ಣೆ ಹಾಕುವುದು ತಪ್ಪಲ್ಲ, ಹೇಳದೆ ಮಾರುವುದು ತಪ್ಪು. ಮೂಲ ಎಣ್ಣೆ ಯಾವುದೆಂದು ಶೀಶೆಯ ಮೇಲೆ ಬರೆದಿರಲೇಬೇಕು. ಅಲ್ಲಿಯವರೆಗೆ ಮಣಿಕಟ್ಟಿಗೆ ಒಂದು ತೊಟ್ಟು ಹಚ್ಚಿಸಿಕೊಳ್ಳಿ, ಉಜ್ಜಬೇಡಿ, ಸುಮ್ಮನೆ ಮನೆಗೆ ಬನ್ನಿ. ನಾಲ್ಕು ಗಂಟೆಯ ಮೇಲೂ ಅಜ್ಜನ ಸಾಣೆಕಲ್ಲು ನೆನಪಾದರೆ ಮಾರನೇ ದಿನ ಹೋಗಿ ಕೊಳ್ಳಿ. ಕೃತಕ ಗಂಧಕ್ಕೂ ಮೂಗು ಮೋಸಹೋಗಬಹುದು, ನಿಜ. ಆದರೆ ನಾವು ದುಡ್ಡು ಕೊಡುವುದು ಮೈಮೇಲೆ ಉಳಿಯುವುದಕ್ಕೆ ತಾನೆ, ಬಿರಡೆಯ ವಾಸನೆಗಲ್ಲವಲ್ಲ?