ಪ್ರತಿಭಟನೆಯ ತಲೆಲೆಕ್ಕ ಯಾರದು?

ಪ್ರತಿಭಟನೆಯ ಸುದ್ದಿಯಲ್ಲಿ ಅಚ್ಚಾಗುವ ಜನಸಂಖ್ಯೆಯನ್ನು ಸಾಮಾನ್ಯವಾಗಿ ಯಾರೂ ಎಣಿಸಿರುವುದಿಲ್ಲ. ಅದು ಸಂಘಟಕರು ಹೇಳಿದ್ದಾಗಿರುತ್ತದೆ, ಇಲ್ಲವೇ ಪೊಲೀಸರು ಹೇಳಿದ್ದು. ಎರಡೂ ಸಿಗದಾಗ ವರದಿಗಾರರ ಕಣ್ಣಂದಾಜು ‘ಸಾವಿರಾರು’, ‘ಅಪಾರ ಸಂಖ್ಯೆಯ’ ಎಂಬ ಪದಗಳಾಗಿ ಬರುತ್ತದೆ. ಯಾರ ಹೇಳಿಕೆ ಎಂಬುದನ್ನು ಕನ್ನಡದ ಪತ್ರಿಕೆ, ವಾಹಿನಿಗಳು ಬಹುತೇಕ ತಿಳಿಸುವುದೇ ಇಲ್ಲ. ಆದರೆ ಯಾವ ಹೋರಾಟ ಮುಖಪುಟಕ್ಕೆ, ಯಾವುದು ಜಿಲ್ಲಾ ಪುಟದ ಮೂಲೆಗೆ ಎಂಬ ತೀರ್ಮಾನವಾಗುವುದು ಇದೇ ಲೆಕ್ಕವಿಲ್ಲದ ಲೆಕ್ಕದ ಮೇಲೆ. ಈ ರೂಢಿಯ ಪೆಟ್ಟು ಹೆಚ್ಚಾಗಿ ಬಿದ್ದಿರುವುದು ಹಾಸನ ಜಿಲ್ಲೆಯ ಹಗರೆ, ಹಳೇಬೀಡು, ಜಾವಗಲ್, ಅರಸೀಕೆರೆಯಂಥ ಊರುಗಳ ಮೇಲೆ.

ಬೇರೆ ದೇಶಗಳಲ್ಲಿ ಈ ಸಂಖ್ಯೆಯೇ ಜಗಳದ ವಿಷಯ. ಹಾಂಗ್‌ಕಾಂಗ್‌ನಲ್ಲಿ 2019ರ ಜೂನ್ 16ರ ಮೆರವಣಿಗೆಗೆ ಸುಮಾರು 20 ಲಕ್ಷ ಜನ ಬಂದರೆಂದು ಸಂಘಟಕರು ಹೇಳಿದರೆ, ಪೊಲೀಸರು ಕೊಟ್ಟ ಸಂಖ್ಯೆ 3.38 ಲಕ್ಷ. ಪಿಂಚಣಿ ವಯಸ್ಸು ಏರಿಸುವುದರ ವಿರುದ್ಧ ಫ್ರಾನ್ಸ್‌ನಲ್ಲಿ 2023ರ ಮಾರ್ಚ್ 7ರಂದು ಜನ ಬೀದಿಗಿಳಿದಾಗ ಅಲ್ಲಿನ ಗೃಹ ಸಚಿವಾಲಯದ ಲೆಕ್ಕ 12.8 ಲಕ್ಷ, ಸಿಜಿಟಿ ಕಾರ್ಮಿಕ ಒಕ್ಕೂಟದ ಲೆಕ್ಕ 35 ಲಕ್ಷ. ಅಮೆರಿಕದ ಕಥೆ ಇನ್ನೂ ಸ್ವಾರಸ್ಯದ್ದು. 1995ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಕರಿಯರ ‘ಹತ್ತು ಲಕ್ಷ ಪುರುಷರ ಮೆರವಣಿಗೆ’ ನಡೆಯಿತು. ರಾಷ್ಟ್ರೀಯ ಉದ್ಯಾನ ಇಲಾಖೆ 4 ಲಕ್ಷ ಎಂದಿತು. ಬೋಸ್ಟನ್ ವಿಶ್ವವಿದ್ಯಾಲಯದ ತಜ್ಞರು ಚಿತ್ರಗಳನ್ನು ಪರಿಶೀಲಿಸಿ 8.37 ಲಕ್ಷ, ಶೇ 20ರಷ್ಟು ಅತ್ತಿತ್ತ ಇರಬಹುದು ಎಂದರು. ಸಂಘಟಕರು ಕೋರ್ಟಿಗೆ ಹೋಗುವುದಾಗಿ ಬೆದರಿಸಿದರು. ಕೊನೆಗೆ ಸಂಸತ್ತು ಆ ಇಲಾಖೆಗೆ ಎಣಿಸುವ ಕೆಲಸವೇ ಬೇಡ ಎಂದುಬಿಟ್ಟಿತು.

ಇಷ್ಟಾದರೂ ಅಲ್ಲಿನ ಓದುಗರಿಗೆ ಒಂದು ಅನುಕೂಲವಿದೆ. ಎರಡು ಸಂಖ್ಯೆಗಳು ಅಕ್ಕಪಕ್ಕದಲ್ಲಿ, ಹೇಳಿದವರ ಹೆಸರಿನೊಂದಿಗೆ ಕಣ್ಣಿಗೆ ಬೀಳುತ್ತವೆ. ಫ್ರಾನ್ಸ್‌ನ ಹಲವು ಸುದ್ದಿಸಂಸ್ಥೆಗಳು 2018ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಅವು ಒಟ್ಟಾಗಿ ಖರ್ಚು ಹಾಕಿ, ಒಕ್ಯುರಾನ್ಸ್ ಎಂಬ ಸಂಸ್ಥೆಯಿಂದ ಸ್ವತಂತ್ರವಾಗಿ ಎಣಿಸುವ ಏರ್ಪಾಡು ಮಾಡಿಕೊಂಡವು. ಮೆರವಣಿಗೆ ಸಾಗುವ ರಸ್ತೆಗೆ ಅಡ್ಡಲಾಗಿ ಒಂದು ಕಾಣದ ಗೆರೆ ಇದೆ ಎಂದುಕೊಂಡು, ಅದನ್ನು ದಾಟಿದವರನ್ನು ಎತ್ತರದಲ್ಲಿಟ್ಟ ಸಂವೇದಕ ಎಣಿಸುತ್ತದೆ. ಆ ಲೆಕ್ಕ ಒಕ್ಕೂಟದವರಿಗೆ ಹಿಡಿಸಲಿಲ್ಲ ಎಂಬುದು ಬೇರೆ ಮಾತು.

ಯಂತ್ರವಿಲ್ಲದೆಯೂ ಅಂದಾಜು ಮಾಡಬಹುದು. ಬರ್ಕ್‌ಲಿಯ ಪತ್ರಿಕೋದ್ಯಮ ಪ್ರಾಧ್ಯಾಪಕ ಹರ್ಬರ್ಟ್ ಜೇಕಬ್ಸ್ 1960ರ ದಶಕದಲ್ಲಿ ತೋರಿಸಿಕೊಟ್ಟ ದಾರಿ ಸರಳ: ಜನ ನಿಂತ ಜಾಗವನ್ನು ಅಳೆ, ಎಷ್ಟು ಒತ್ತಾಗಿ ನಿಂತಿದ್ದಾರೆ ನೋಡು, ಗುಣಿಸು. ಸಡಿಲವಾದ ಗುಂಪಿನಲ್ಲಿ ಒಬ್ಬರಿಗೆ ಹತ್ತು ಚದರ ಅಡಿ, ದಟ್ಟವಾದ ಗುಂಪಿನಲ್ಲಿ ನಾಲ್ಕೂವರೆ. ಅಂದರೆ ದಟ್ಟ ಗುಂಪಿನಲ್ಲಿ ಒಂದು ಚದರ ಮೀಟರ್‌ಗೆ ಎರಡಕ್ಕಿಂತ ಸ್ವಲ್ಪ ಹೆಚ್ಚು ಜನ. ಹಾಸನ–ಬೇಲೂರು ರಸ್ತೆಯಿಂದ ಹಳೇಬೀಡಿನ ಕಡೆಗೆ ತಿರುಗುವ ಹಗರೆಯಲ್ಲಿ ರಸ್ತೆತಡೆ ನಡೆಯಿತೆನ್ನಿ. ಹತ್ತು ಮೀಟರ್ ಅಗಲದ ರಸ್ತೆಯಲ್ಲಿ ಚದರ ಮೀಟರ್‌ಗೆ ಇಬ್ಬರಂತೆ ನಿಂತರೂ ಐನೂರು ಜನಕ್ಕೆ 25 ಮೀಟರ್ ಸಾಕು. ಹತ್ತು ಸಾವಿರ ಜನಕ್ಕೆ ಅರ್ಧ ಕಿಲೋಮೀಟರ್ ಬೇಕು. ಈ ಲೆಕ್ಕಕ್ಕೆ ಬೇಕಾಗುವುದು ಹೆಜ್ಜೆ ಹಾಕಿ ಅಳೆಯುವಷ್ಟು ಹೊತ್ತು ಮಾತ್ರ. ತಾಲ್ಲೂಕು ಕೇಂದ್ರದ ಪ್ರತಿಭಟನೆಗೆ ‘ಸಾವಿರಾರು’ ಎಂದು ಬರೆಯುವವರು ಅಷ್ಟನ್ನೂ ಮಾಡುವುದಿಲ್ಲ. ಹಾಗಾಗಿ ಇನ್ನೂರು ಜನರ ಧರಣಿಯೂ ಎರಡು ಸಾವಿರ ಜನರ ಮೆರವಣಿಗೆಯೂ ಒಂದೇ ಪದದೊಳಗೆ ಸೇರಿಹೋಗುತ್ತವೆ.

ಎಣಿಕೆಯೇ ಸಾಧ್ಯವಿಲ್ಲದ ಸಂಖ್ಯೆಗಳೂ ಇವೆ. 2020ರ ನವೆಂಬರ್ 26ರ ದೇಶವ್ಯಾಪಿ ಮುಷ್ಕರದಲ್ಲಿ 25 ಕೋಟಿ ಜನ ಪಾಲ್ಗೊಂಡರು ಎಂಬುದು ಕೇಂದ್ರ ಕಾರ್ಮಿಕ ಸಂಘಟನೆಗಳ ಹೇಳಿಕೆ. ಆ ದಿನ ಅಂಗಡಿ ಮುಚ್ಚಿದವರೆಲ್ಲ ಮುಷ್ಕರನಿರತರೇ, ಬಸ್ಸಿಲ್ಲದೆ ಮನೆಯಲ್ಲುಳಿದವರೂ ಸೇರಿದರೇ ಎಂದು ಕೇಳುವವರಿಲ್ಲದೆ ಅದು ‘ಇತಿಹಾಸದಲ್ಲೇ ಅತಿ ದೊಡ್ಡ ಮುಷ್ಕರ’ ಎಂದು ಜಗತ್ತಿನೆಲ್ಲೆಡೆ ಹರಡಿತು. ಕನ್ನಡದಲ್ಲಿ ಪ್ರತಿ ಬಂದ್‌ನ ಮರುದಿನ ಬರುವ ‘ಸಂಪೂರ್ಣ ಯಶಸ್ವಿ’, ‘ಮಿಶ್ರ ಪ್ರತಿಕ್ರಿಯೆ’, ‘ನೀರಸ ಪ್ರತಿಕ್ರಿಯೆ’ ಎಂಬ ತಲೆಬರಹಗಳೂ ಇದೇ ಜಾತಿಯವು. ಸರ್ಕಾರಿ ಬಸ್ ಓಡಿತೋ ಇಲ್ಲವೋ ಎಂಬುದೊಂದನ್ನು ನೋಡಿ ಬರೆದ ತೀರ್ಪುಗಳು ಅವು.

ಸಂಖ್ಯೆಗೆ ಇಷ್ಟು ಬೆಲೆ ಏಕೆ ಬಂತು ಎಂಬುದಕ್ಕೆ ಸಂಶೋಧನೆಯ ಉತ್ತರವಿದೆ. ಜಾನ್ ಮೆಕಾರ್ತಿ ಮತ್ತು ಸಂಗಡಿಗರು 1982 ಮತ್ತು 1991ರ ವಾಷಿಂಗ್ಟನ್ ಪ್ರತಿಭಟನೆಗಳ ಅನುಮತಿ ಕಡತಗಳನ್ನು ದೊಡ್ಡ ಪತ್ರಿಕೆ, ಟಿ.ವಿ. ವರದಿಗಳ ಜೊತೆ ತಾಳೆ ನೋಡಿದರು. ಬಹುಪಾಲು ಪ್ರತಿಭಟನೆಗಳು ಸುದ್ದಿಯೇ ಆಗಿರಲಿಲ್ಲ. ಆದವುಗಳಿಗೆ ನೆರವಾದದ್ದು ಮುಖ್ಯವಾಗಿ ಗುಂಪಿನ ಗಾತ್ರ. ಸುದ್ದಿಯಾದವುಗಳ ಪಾಡು ಬೇರೆ. ಲಂಡನ್ನಿನಲ್ಲಿ 1968ರ ಅಕ್ಟೋಬರ್ 27ರ ವಿಯೆಟ್ನಾಂ ಯುದ್ಧ ವಿರೋಧಿ ಮೆರವಣಿಗೆ ಬಹುಮಟ್ಟಿಗೆ ಶಾಂತವಾಗಿ ನಡೆದರೂ, ಗಲಭೆಯಾಗುತ್ತದೆಂದು ಮೊದಲೇ ಬರೆದಿದ್ದ ಪತ್ರಿಕೆಗಳು ನಡೆದ ಸಣ್ಣ ಘರ್ಷಣೆಯನ್ನೇ ದೊಡ್ಡದು ಮಾಡಿದವು ಎಂದು ಹ್ಯಾಲೊರನ್, ಎಲಿಯಟ್, ಮರ್ಡಾಕ್ ಅವರ ಅಧ್ಯಯನ ತೋರಿಸಿತು.

ಬೆಂಗಳೂರಿನಲ್ಲಿ ಗಲಭೆಯ ಜಾಗಕ್ಕೆ ಟ್ರಾಫಿಕ್ ಬಂದು ಕೂತಿದೆ. 2017ರ ಮಾರ್ಚ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಸಂಬಳ ಹೆಚ್ಚಿಸಿ ಎಂದು ನಗರದ ನಡುರಸ್ತೆಯಲ್ಲಿ ಹಗಲು ರಾತ್ರಿ ಕುಳಿತಾಗ, ಅವರ ತಿಂಗಳ ಗೌರವಧನ ಎಷ್ಟು ಎಂಬುದಕ್ಕಿಂತ ಯಾವ ರಸ್ತೆಯಲ್ಲಿ ವಾಹನ ನಿಂತಿವೆ ಎಂಬುದು ದೊಡ್ಡ ಸುದ್ದಿಯಾಗಿತ್ತು. ಈಗ ಆ ತಾಪತ್ರಯವೂ ಇಲ್ಲ. 2021ರಲ್ಲಿ ಹೈಕೋರ್ಟ್ ಸಂಚಾರ ತೊಂದರೆಯ ಬಗ್ಗೆ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡ ಮೇಲೆ ರಾಜಧಾನಿಯ ಪ್ರತಿಭಟನೆಗಳೆಲ್ಲ ಹಳೆಯ ಸೆಂಟ್ರಲ್ ಜೈಲಿನ ಜಾಗವಾದ ಫ್ರೀಡಂ ಪಾರ್ಕಿಗೆ ಸೀಮಿತವಾದವು. ಯಾರಿಗೂ ತೊಂದರೆ ಕೊಡದ ಪ್ರತಿಭಟನೆ ಯಾರ ಗಮನಕ್ಕೂ ಬರುವುದಿಲ್ಲ. ತೊಂದರೆ ಕೊಟ್ಟರೆ ತೊಂದರೆಯಷ್ಟೇ ಗಮನಕ್ಕೆ ಬರುತ್ತದೆ.

ಜಿಲ್ಲೆಯ ಹೋರಾಟಕ್ಕೆ ಇದರ ಮೇಲೊಂದು ಗೋಡೆ ಇದೆ: ಆವೃತ್ತಿಯ ಗೋಡೆ. ಯಗಚಿ ನದಿಯ ನೀರನ್ನು ಹಳೇಬೀಡಿನ ದ್ವಾರಸಮುದ್ರ ಕೆರೆಗೆ ಹರಿಸುವ ರಣಘಟ್ಟ ಯೋಜನೆಗಾಗಿ ಹಳೇಬೀಡು, ಮಾದಿಹಳ್ಳಿ, ಜಾವಗಲ್ ಹೋಬಳಿಗಳ ರೈತರು ವರ್ಷಗಟ್ಟಲೆ ಹೋರಾಡಿದರು. ಪುಷ್ಪಗಿರಿ ಮಠದ ಸ್ವಾಮೀಜಿ ಮುಂದೆ ನಿಂತರು. ಬಂದ್, ಪಾದಯಾತ್ರೆ, ಧರಣಿ ಎಲ್ಲವೂ ನಡೆದವು. ಹಾಸನ ಜಿಲ್ಲೆಯ ಪುಟ ಇದನ್ನು ವರದಿ ಮಾಡಲಿಲ್ಲ ಎನ್ನುವಂತಿಲ್ಲ, ಧಾರಾಳವಾಗಿಯೇ ಮಾಡಿತು. ಆದರೆ ಆ ಪುಟ ಹಾಸನ ದಾಟುವುದಿಲ್ಲ. ಯೋಜನೆಗೆ ಹಣ ಕೊಡಬೇಕಾದ ಸಚಿವಾಲಯ ಇರುವ ಊರಿನ ಆವೃತ್ತಿಯಲ್ಲಿ ಆ ಜಾಗಕ್ಕೆ ಬೇರೆ ಸುದ್ದಿ ಇರುತ್ತದೆ. ಅದೇ 2022ರ ಜನವರಿಯಲ್ಲಿ ಮೇಕೆದಾಟು ಯೋಜನೆಗಾಗಿ ಕಾಂಗ್ರೆಸ್ ನಾಯಕರು ಸಂಗಮದಿಂದ ಹೊರಟಾಗ ಪ್ರತಿ ಹೆಜ್ಜೆಯೂ ನೇರಪ್ರಸಾರವಾಯಿತು. ನೀರು ಕೇಳುವ ಪಾದಯಾತ್ರೆಯೇ ಎರಡೂ. ನಡೆದ ಕಾಲುಗಳು ಮಾತ್ರ ಬೇರೆಯವು.

ಕೊಬ್ಬರಿ ಬೆಲೆಯ ಹೋರಾಟದಲ್ಲಿ ಇನ್ನೊಂದು ವಿಚಿತ್ರ ಕಾಣುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಬಹಳ ಕೆಳಗಿಳಿಯಿತು. ಅರಸೀಕೆರೆ, ತಿಪಟೂರು ಸೀಮೆಯಲ್ಲಿ ಪ್ರತಿಭಟನೆಗಳಾದವು, ಜಿಲ್ಲಾ ಪುಟಗಳಲ್ಲಿ ಬಂದವು, ಮುಗಿದವು. 2024ರ ಫೆಬ್ರುವರಿಯಲ್ಲಿ, ಬೆಂಬಲ ಬೆಲೆಗೆ ಕೊಳ್ಳುವ ಸಹಕಾರಿ ಸಂಸ್ಥೆ ನಾಫೆಡ್‌ನ ಖರೀದಿಗೆ ನೋಂದಣಿ ಶುರುವಾದಾಗ ಕೇಂದ್ರಗಳ ಮುಂದೆ ಉದ್ದನೆಯ ಸರದಿ ನಿಂತಿತು. ನೋಂದಣಿಯಲ್ಲಿ ಅಕ್ರಮ ನಡೆದಿದೆ ಎಂಬ ದೂರಿನಿಂದ ಅದು ನಿಂತು, ಮಾರ್ಚ್‌ನಲ್ಲಿ ಮತ್ತೆ ಆರಂಭವಾಯಿತು. ರೈತರು ಮತ್ತೆ ಸಾಲು ನಿಂತರು. ಬೆಲೆ ಸಿಗದೆ ಕಂಗೆಟ್ಟವರ ಹೆಸರು, ಊರು, ಎಕರೆ ಸಮೇತ ನಿಖರವಾದ ಲೆಕ್ಕ ಆ ನೋಂದಣಿ ಪಟ್ಟಿಯಲ್ಲಿತ್ತು. ಅದು ಧರಣಿಯಲ್ಲ, ಸರದಿ. ಹಾಗಾಗಿ ಜನಬೆಂಬಲದ ಅಳತೆಯಾಗಿ ಅದನ್ನು ಯಾರೂ ನೋಡಲಿಲ್ಲ.

ಗುಂಪಿನ ಗಾತ್ರವನ್ನೇ ನೆಚ್ಚಿದ ಪತ್ರಿಕೋದ್ಯಮ ಎಷ್ಟು ಎಡವಬಲ್ಲದು ಎಂಬುದು ದೇವನಹಳ್ಳಿಯಲ್ಲಿ ಬಯಲಾಯಿತು. ಚನ್ನರಾಯಪಟ್ಟಣ ಹೋಬಳಿಯ (ಹಾಸನದ ಚನ್ನರಾಯಪಟ್ಟಣವಲ್ಲ, ಬೆಂಗಳೂರು ಗ್ರಾಮಾಂತರದ್ದು) 13 ಹಳ್ಳಿಗಳ 1,777 ಎಕರೆ ಭೂಸ್ವಾಧೀನದ ವಿರುದ್ಧ ಧರಣಿ ಆರಂಭವಾದದ್ದು 2022ರ ಏಪ್ರಿಲ್‌ನಲ್ಲಿ. ವಿಮಾನ ನಿಲ್ದಾಣದ ಬಗಲಲ್ಲೇ ಇದ್ದರೂ, ಮೂರು ವರ್ಷ ಆ ಧರಣಿ ಬಹುತೇಕ ಕನ್ನಡಿಗರ ಕಣ್ಣಿಗೆ ಬೀಳಲಿಲ್ಲ. ದಿನವೂ ಅಲ್ಲಿ ಕೂರುತ್ತಿದ್ದವರು ಸಾವಿರಾರು ಮಂದಿಯಾಗಿರಲಿಲ್ಲ. 2025ರ ಜೂನ್ 25ರ ‘ದೇವನಹಳ್ಳಿ ಚಲೋ’ದಲ್ಲಿ ಪೊಲೀಸರು ಧರಣಿನಿರತರನ್ನು ಎಳೆದೊಯ್ದ ಮೇಲೆ ಕ್ಯಾಮೆರಾಗಳು ತಿರುಗಿದವು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭೂಸ್ವಾಧೀನ ಕೈಬಿಟ್ಟರು. ಗೆದ್ದದ್ದು ಒಂದು ದಿನದ ಜನಸಾಗರದಿಂದಲ್ಲ, ಸಾವಿರಕ್ಕೂ ಹೆಚ್ಚು ದಿನ ಕೂತದ್ದರಿಂದ. ಕೂತ ದಿನಗಳ ಲೆಕ್ಕವಾದರೋ ಯಾರೂ ಉಬ್ಬಿಸಲಾಗದ, ಯಾರೂ ಕುಗ್ಗಿಸಲಾಗದ ಲೆಕ್ಕ. ಮೊದಲಿನಿಂದಲೂ ಪತ್ರಿಕೆಗಳಿಗೆ ಲಭ್ಯವಿದ್ದ ಲೆಕ್ಕ.

ತಾಲ್ಲೂಕಿನ ವರದಿಗಾರರಿಗೆ ಸಂಬಳ ಕಡಿಮೆ, ಒಂದೇ ದಿನ ನಾಲ್ಕು ಕಾರ್ಯಕ್ರಮ, ಸಂಜೆಯೊಳಗೆ ಸುದ್ದಿ ಕಳಿಸಬೇಕು. ಅವರಿಂದ ಜನಗಣತಿ ನಿರೀಕ್ಷಿಸುವುದು ಅನ್ಯಾಯ ಎಂಬ ಸಮರ್ಥನೆ ಇದೆ. ಕಷ್ಟ ನಿಜ, ಆದರೆ ದೂರು ಅವರ ಮೇಲಲ್ಲ. ‘ಸಂಘಟಕರ ಪ್ರಕಾರ’, ‘ಪೊಲೀಸರ ಪ್ರಕಾರ’ ಎಂಬ ಎರಡು ಪದ ಸೇರಿಸಲು ಹೆಚ್ಚುವರಿ ಸಂಬಳ ಬೇಡ. ಅವಿಲ್ಲದ ಸಂಖ್ಯೆಯನ್ನು ಹೊಡೆದುಹಾಕುವುದು ಸುದ್ದಿಮನೆಯಲ್ಲಿ ಕೂತ ಉಪಸಂಪಾದಕರ ಕೆಲಸ. ಜಿಲ್ಲಾ ಪುಟದಲ್ಲಿ ಮೂರನೇ ತಿಂಗಳಿಗೆ ಕಾಲಿಟ್ಟ ಧರಣಿಯೊಂದನ್ನು ರಾಜ್ಯ ಪುಟಕ್ಕೆ ಏರಿಸುವುದೂ ಅವರದೇ ತೀರ್ಮಾನ. ಇನ್ನು ಅನುಮತಿಗಾಗಿ ಠಾಣೆಗೆ ಕೊಡುವ ಅರ್ಜಿಯಲ್ಲಿ ಎಷ್ಟು ಜನ ಸೇರಬಹುದು ಎಂದು ಸಂಘಟಕರೇ ಬರೆದಿರುತ್ತಾರೆ, ಬಂದೋಬಸ್ತಿಗೆ ಪೊಲೀಸರನ್ನು ನಿಯೋಜಿಸುವುದೂ ಅದನ್ನು ನೋಡಿಯೇ. ಆ ಸಂಖ್ಯೆಯನ್ನು ಕೇಳಿ ಪಡೆದು, ಮರುದಿನದ ಹೇಳಿಕೆಯ ಪಕ್ಕದಲ್ಲಿ ಅಚ್ಚು ಹಾಕುವುದಕ್ಕೆ ಬೇಲೂರಿನಲ್ಲಾಗಲಿ ಅರಸೀಕೆರೆಯಲ್ಲಾಗಲಿ ಪ್ಯಾರಿಸ್ಸಿನ ಸಂವೇದಕ ಬೇಕಾಗಿಲ್ಲ, ಠಾಣೆಗೆ ಒಂದು ಫೋನ್ ಸಾಕು.