ಯೂಟ್ಯೂಬಿಗೂ ಒಂದು ಪತ್ತನಾಜೆ ಬೇಕು

ನಮ್ಮ ಮನೆಯವರು ಬಿಸಿ ನೀರುದೋಸೆ ತಿನ್ನದೆ ನಾಲ್ಕು ವರ್ಷವಾಗಿತ್ತು. ಕಾವಲಿಯಿಂದ ಎದ್ದ ದೋಸೆ ಮೊದಲು ಕಿಟಕಿಯ ಬೆಳಕಿಗೆ ಹೋಗಬೇಕು, ಮಡಚಿಕೊಂಡು ಬಾಳೆಲೆಯ ಮೇಲೆ ಕೂರಬೇಕು, ಪಕ್ಕದಲ್ಲಿ ಕಾಯಿಬೆಲ್ಲ ಬರಬೇಕು, ಥಂಬ್‌ನೇಲಿಗೆ ಐದಾರು ಫೋಟೊ ಆಗಬೇಕು. ಅಷ್ಟರಲ್ಲಿ ಅದು ಹಿಂಡಿಟ್ಟ ಒದ್ದೆ ಬಟ್ಟೆ. ತಟ್ಟೆ ಹಿಡಿದು ಬಂದ ಮಗ ಮೊದಲು ಕೇಳುತ್ತಿದ್ದದ್ದು, "ಅಮ್ಮಾ, ಇದು ತಿನ್ಲಿಕ್ಕಾ, ವಿಡಿಯೋಕ್ಕಾ?"

ವಿಟ್ಲದ ಹತ್ತಿರದ ತೋಟದ ಮನೆಯಿಂದ ನಾನೊಬ್ಬಳೇ ನಡೆಸುವ ಅಡುಗೆ ಚಾನೆಲ್ ಇದು. 2020ರ ಲಾಕ್‌ಡೌನಿನಲ್ಲಿ ಹೊತ್ತು ಹೋಗಲೆಂದು ಶುರುವಾದದ್ದು. ಜಾಹೀರಾತಿನ ಹಣ ಬರಬೇಕಾದರೆ 1000 ಚಂದಾದಾರರು, ಒಂದು ವರ್ಷದೊಳಗೆ 4000 ಗಂಟೆಯ ವೀಕ್ಷಣೆ ಆಗಬೇಕೆಂದು ಗೊತ್ತಾದ ದಿನ ಹವ್ಯಾಸ ಹೋಯಿತು, ದುಡಿಮೆ ಬಂತು. ಖಾತೆಯಲ್ಲಿ 100 ಡಾಲರ್ ತುಂಬಿದರೆ ಮಾತ್ರ ಬ್ಯಾಂಕಿಗೆ ಬರುತ್ತದೆ. ಊರಿನವರು ನೋಡಿದರೆ ಪೈಸೆ, ದುಬೈಯವರು ನೋಡಿದರೆ ರೂಪಾಯಿ ಎಂಬ ಲೆಕ್ಕದಲ್ಲಿ ಆ ನೂರು ತುಂಬಲು ಮೊದಮೊದಲು ನಾಲ್ಕೈದು ತಿಂಗಳು ಹಿಡಿಯುತ್ತಿತ್ತು.

ಆದರೆ ನನ್ನನ್ನು ಹಣ್ಣು ಮಾಡಿದ್ದು ಹಣವಲ್ಲ, ಅಂಕಪಟ್ಟಿ. ಯೂಟ್ಯೂಬ್ ಸ್ಟುಡಿಯೋ ಆ್ಯಪ್ ತೆರೆದರೆ ಹೊಸ ವಿಡಿಯೋ ನಿಮ್ಮ ಕಳೆದ ಹತ್ತು ವಿಡಿಯೋಗಳಲ್ಲಿ ಎಷ್ಟನೆಯದು ಎಂದು ತೋರಿಸುತ್ತದೆ. 10ರಲ್ಲಿ 2 ಎಂದಿದ್ದರೆ ಆ ದಿನ ಮಕ್ಕಳಿಗೆ ಬೈಗುಳವಿಲ್ಲ. 10ರಲ್ಲಿ 9 ಎಂದಿದ್ದರೆ ಗಂಡ ಕೂಡ ಅಡುಗೆಮನೆಗೆ ಬರುತ್ತಿರಲಿಲ್ಲ. ಹತ್ತರಲ್ಲಿ ಒಂದು ಕೊನೆಯದಾಗಲೇಬೇಕಲ್ಲ, ಅದು ಗಣಿತ ಎಂದು ತಿಳಿಯದವಳೇನಲ್ಲ ನಾನು. ಆದರೂ ನಡುರಾತ್ರಿ ಎದ್ದು ನೋಡುತ್ತಿದ್ದೆ.

ಒಂದು ಮಾರ್ಚ್ ತಿಂಗಳು, ಗುಜ್ಜೆ, ಅಂದರೆ ಎಳೆ ಹಲಸಿನ ಪಲ್ಯದ ವಿಡಿಯೋ. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವ ನಾಲ್ಕು ಸೆಕೆಂಡಿನ ತುಣುಕನ್ನು ಕತ್ತರಿಸುತ್ತ, ಸೇರಿಸುತ್ತ ಮುಕ್ಕಾಲು ಗಂಟೆ ಕೂತಿದ್ದೆ. ಏನು ಸರಿಯಿಲ್ಲ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಮರುದಿನ ಕಮೆಂಟಿನಲ್ಲಿ ಒಬ್ಬ ಹೆಂಗಸು ಕೇಳಿದ್ದರು: "ಅಕ್ಕಾ, ಗುಜ್ಜೆ ಸಿಗದಿದ್ದರೆ ಏನು ಹಾಕಬಹುದು?" ನಾನು ಬರೆದೆ: "ಏನೂ ಹಾಕಬೇಡಿ." ಎರಡು ನಿಮಿಷಕ್ಕೆ ಅಳಿಸಿದೆ. ಕಾದ ಎಣ್ಣೆಯ ವಾಸನೆಗೇ ಹೊಟ್ಟೆ ತೊಳಸುತ್ತಿದ್ದ ದಿನಗಳವು.

ನಮ್ಮ ಕಡೆ ದಣಿವಿಗೆ ಬಚ್ಚುವುದು ಎನ್ನುತ್ತೇವೆ. ಬಚ್ಚಿದ್ದು ಒಂದು ನಿದ್ದೆಗೆ ಹೋಗುತ್ತದೆ. ಇದು ಹೋಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟಿಗೆ ಮೂರು ಲಕ್ಷಣ ಹೇಳಿದೆ: ಬತ್ತಿಹೋದ ಶಕ್ತಿ, ಕೆಲಸದ ಮೇಲೆ ಜಿಗುಪ್ಸೆ, ಕೈಯಲ್ಲಿ ಏನೂ ಆಗದೆಂಬ ಭಾವ. ಮೂರೂ ನನಗಿದ್ದವು. ಇದು ಕಾಯಿಲೆಯಲ್ಲ, ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದ್ದರಿಂದ ಬರುವುದು ಎಂದೂ ಅದೇ ಹೇಳುತ್ತದೆ. ಸರಿ, ಆದರೆ ಕೆಲಸದ ಜಾಗವೇ ನನ್ನ ಅಡುಗೆಮನೆ. ಯಜಮಾನಿ ನಾನೇ, ಆಳೂ ನಾನೇ. ಪೇಟೆಯ ಜವಳಿ ಅಂಗಡಿಯ ಹುಡುಗನಿಗೆ ವಾರಕ್ಕೊಂದು ರಜೆ ಕೊಡಲೇಬೇಕೆಂದು 1961ರ ಅಂಗಡಿ ಕಾಯ್ದೆ ಇದೆ. ನನ್ನ ಮೇಲೆ ದೂರು ಕೊಡುವುದಾದರೆ ನಾನೇ ಕೊಡಬೇಕು.

ಬುದ್ಧಿ ಹೇಳುವವರಿಗೇನೂ ಕಡಿಮೆಯಿರಲಿಲ್ಲ. ಧ್ಯಾನ ಮಾಡು, ಬೆಳಿಗ್ಗೆ ನಡಿ, ಸುಸ್ತಾದಾಗ ರಜೆ ತಗೋ. ಈ ಕೊನೆಯದೇ ದೊಡ್ಡ ಮೋಸ. ಸುಸ್ತಾದಾಗ ವ್ಯೂಸ್ ಬಿದ್ದಿರುತ್ತವೆ, ಈಗ ಬಿಟ್ಟರೆ ಮುಗಿಯಿತು ಎಂಬ ಹೆದರಿಕೆ. ವ್ಯೂಸ್ ಏರಿದಾಗ, ಈಗ ಬಿಡುವುದುಂಟೇ ಎಂಬ ಆಸೆ. ರಜೆಗೆ ಸರಿಯಾದ ಹೊತ್ತು ಎಂಬುದು ಬರುವುದೇ ಇಲ್ಲ.

ದಾರಿ ತೋರಿಸಿದವರು ಮಾವ. ವರ್ಷಗಟ್ಟಲೆ ಯಕ್ಷಗಾನ ಮೇಳದಲ್ಲಿ ಮದ್ದಳೆ ನುಡಿಸಿದವರು. ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತ ಒಂದು ದಿನ ಕೇಳಿದರು, "ನಿನ್ನದಕ್ಕೆ ಪತ್ತನಾಜೆ ಯಾವಾಗ ಮಗಳೇ?"

ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಮೇ 24-25ರ ಸುಮಾರಿಗೆ ಬರುತ್ತದೆ. ಅಂದಿಗೆ ಕೋಲ, ನೇಮ, ಜಾತ್ರೆಗಳಿಗೆ ತೆರೆ. ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಕಟೀಲು ಮೇಳದ ಹರಕೆ ಆಟಕ್ಕೆ ಜನ ವರ್ಷಗಟ್ಟಲೆ ಕಾಯುತ್ತಾರೆ. ಅಷ್ಟು ಬೇಡಿಕೆ ಇದ್ದರೂ, ಆ ವರ್ಷ ಕಲಾವಿದರ ಕಾಲಲ್ಲಿ ಇನ್ನೂ ಕಸುವಿದ್ದರೂ, ಪತ್ತನಾಜೆಗೆ ಗೆಜ್ಜೆ ಬಿಚ್ಚಲೇಬೇಕು. ಯಾರಿಗೂ ಸುಸ್ತಾಗಿದೆಯೇ ಎಂದು ಕೇಳುವ ಕ್ರಮವಿಲ್ಲ. ತಾರೀಕು ಬಂತು, ನಿಂತಿತು. ಮಾವ ಮದ್ದಳೆಯನ್ನು ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕುತ್ತಿದ್ದರಂತೆ. ಮತ್ತೆ ಅದು ಇಳಿಯುವುದು ದೀಪಾವಳಿ ಕಳೆದ ಮೇಲೆ.

ನಾನೂ ಹಾಗೇ ಮಾಡಿದೆ. ಮೇ ಮೊದಲ ವಾರವೇ ವಿಡಿಯೋದಲ್ಲಿ ಹೇಳಿದೆ: ಪತ್ತನಾಜೆಗೆ ಬಾಗಿಲು, ಆಟಿ ತಿಂಗಳಿಗೆ ಪತ್ರೊಡೆಯ ಜೊತೆ ಸಿಗೋಣ. ಏಳೆಂಟು ವಾರ. ನಿಲ್ಲಿಸಿದರೆ ಯೂಟ್ಯೂಬ್ ಶಿಕ್ಷೆ ಕೊಡುತ್ತದೆ ಎಂದು ನಮ್ಮಂಥವರಲ್ಲಿ ದೊಡ್ಡ ಗುಲ್ಲು. ನಿಯಮ ತೆಗೆದು ಓದಿದೆ. ಆರು ತಿಂಗಳು ವಿಡಿಯೋ, ಪೋಸ್ಟ್ ಏನೊಂದೂ ಹಾಕದಿದ್ದರೆ ಗಳಿಕೆ ನಿಲ್ಲಿಸಬಹುದು ಎಂದಿದೆ. ಆರು ತಿಂಗಳು! ನಾನು ಜ್ವರದಲ್ಲೂ ಕಾಯಿ ತುರಿದದ್ದು ಯಾರ ಹೆದರಿಕೆಗೆ?

ನಷ್ಟವೇ ಆಗಲಿಲ್ಲ ಎಂದರೆ ಸುಳ್ಳು. ವ್ಯೂಸ್ ಬಿದ್ದವು, ಆಟಿಯಲ್ಲಿ ಮರಳಿದಾಗ ಮೊದಲ ಮೂರು ವಿಡಿಯೋ ಸೊರಗಿದವು. ಗಂಡನಿಗೆ ತಿಂಗಳ ಸಂಬಳ ಇರುವುದರಿಂದ ನಾನು ಇಷ್ಟು ಧೈರ್ಯದಲ್ಲಿ ಬರೆಯುತ್ತಿದ್ದೇನೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಚಾನೆಲಿನಿಂದಲೇ ಮನೆ ಬಾಡಿಗೆ ಕಟ್ಟುವವರು ಏನು ಮಾಡಬೇಕು? ಅದಕ್ಕೂ ಮೇಳದವರಲ್ಲಿ ದಾರಿಯಿದೆ. ಮಳೆಗಾಲದಲ್ಲಿ ನಾಲ್ಕೈದು ಮಂದಿ ಕಲಾವಿದರು ಚಿಕ್ಕಮೇಳ ಕಟ್ಟಿ ಸಂಜೆ ಮನೆಮನೆಗೆ ಹೋಗುತ್ತಾರೆ. ರಂಗಸ್ಥಳವಿಲ್ಲ, ರಾತ್ರಿಯಿಡೀ ನಿದ್ದೆಗೇಡಿಲ್ಲ, ಚಾವಡಿಯಲ್ಲಿ ಒಂದಿಷ್ಟು ಹೊತ್ತಿನ ಆಟ. ಹಳೆಯ ವಿಡಿಯೋದ ತುಣುಕು ಹಾಕುವುದು, ವಾರಕ್ಕೊಂದು ಪೋಸ್ಟ್ ಬರೆಯುವುದು ನಮ್ಮ ಚಿಕ್ಕಮೇಳ. ಅದನ್ನೂ ಆಟದಷ್ಟೇ ದೊಡ್ಡದು ಮಾಡಿಕೊಳ್ಳುವವರಿದ್ದಾರೆ, ಅವರಿಗೆ ಔಷಧಿಯಿಲ್ಲ.

ಬ್ರಿಟನ್ನಿನ ಯೂಟ್ಯೂಬರ್ ಟಾಮ್ ಸ್ಕಾಟ್ ಹತ್ತು ವರ್ಷ ವಾರ ತಪ್ಪದೆ ವಿಡಿಯೋ ಮಾಡಿ, 2024ರ ಜನವರಿ 1ಕ್ಕೆ ವಾರದ ಸರಣಿ ನಿಲ್ಲಿಸಿದರು. ದೊಡ್ಡವರ ಮಾತು, ಹತ್ತು ವರ್ಷ ತಡೆದುಕೊಂಡರು. ನನಗೆ ವರ್ಷಕ್ಕೊಮ್ಮೆ ಬೇಕು.

ಈ ಸಲ ಜೂನ್ ಮೊದಲ ವಾರ, ಒಳ್ಳೆ ಮಳೆ. ಅಂಗಳದ ಬರ್ಕೆ ಹಲಸು ಧೊಪ್ಪೆಂದು ಬಿತ್ತು. ಮಾವ ಗೋಣಿ ಹಾಸಿ, ಕತ್ತಿಗೆ ಎಣ್ಣೆ ಸವರಿ ಸೀಳಿದರೆ ಒಳಗೆ ಅರಿಶಿನದ ಬಣ್ಣ. ಮೋಡ ಸರಿದು ಎಳೆಬಿಸಿಲು ಬೇರೆ ಬಿದ್ದಿತ್ತು, ಎಂಥ ಬೆಳಕು! ನಾನು ಒಳಗೆ ಓಡಿದೆ. ಟ್ರೈಪಾಡ್ ಅಟ್ಟದಲ್ಲಿ, ಮದ್ದಳೆಯ ಪಕ್ಕ. ಏಣಿ ತೋಟದಲ್ಲಿ. ಏಣಿ ತರಲು ಹೊರಗೆ ಬಂದರೆ ಮಗ ಬಾಯಿ ತುಂಬ ಸೊಳೆ ತುಂಬಿಕೊಂಡು, ಮೇಣದ ಕೈಯಲ್ಲಿ ನನಗೊಂದು ಹಿಡಿದು ನಿಂತಿದ್ದ. ಏನೂ ಕೇಳಲಿಲ್ಲ.